ಪರದೇಶದಲ್ಲಿ ವಿವಾಹ: ಶ್ರೀಸಭೆಯ ವಿಧಿ ಮತ್ತು ದೇಶದ ಕಾನೂನು

(ಶತಮಾನೋತ್ಸವದ ಅಂಗವಾಗಿ ಅಬಲೂರಿನಲ್ಲಿ ಜರುಗಿದ ಪಾಲಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ಪೂರ್ವಿಕರ ಭಕ್ತಿ ಶ್ರದ್ಧೆಗಳನ್ನು ಕೊಂಡಾಡುವ ಮಾತುಗಳನ್ನು ಈ ದಿನಗಳಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ನಾವು ಇಂದು ಆಡಲಿರುವುದು ದಫ್ತರು, ಮೊಹರು, ಅರ್ಜಿಗಳ ಮಾತು. ಕೇಳಲು ಸಪ್ಪೆಯೆನಿಸಿದರೂ ತಾಳ್ಮೆಯಿಂದ ಕೇಳಬೇಕು.

ಹಿಂದೆ ನಮ್ಮವರ ನಂಟುಗಳು ಹಿರೇಕೆರೂರು, ಹಾನಗಲ್ಲು, ಹೆಚ್ಚೆಂದರೆ ಹುಬ್ಬಳ್ಳಿಯವರೆಗೆ ಹೋಗುತ್ತಿದ್ದವು. ಈಗ ನಮ್ಮ ಮಕ್ಕಳು ದಾದಿಯರಾಗಿ, ಕುಶಲಕರ್ಮಿಗಳಾಗಿ ಕುವೈತ್, ದುಬೈ, ಜರ್ಮನಿ, ಇಂಗ್ಲೆಂಡುಗಳನ್ನು ಸೇರುತ್ತಿದ್ದಾರೆ. "ಸ್ವಾಮಿ, ಅಲ್ಲಿಯೇ ಲಗ್ನ ಮಾಡಿಕೊಳ್ತಾರಂತೆ, ಒಂದು ಚೀಟಿ ಬರೆದುಕೊಡ್ರಿ" ಎಂದು ತಾಯಿತಂದೆಯರು ನಮ್ಮ ಬಳಿಗೆ ಬರುತ್ತಾರೆ. ಒಂದು ಚೀಟಿಯಿಂದ ತೀರುವ ಕೆಲಸ ಇದಲ್ಲ.

ನಮ್ಮವರು ಹೀಗೆ ತಿಳಿಯುವುದಕ್ಕೆ ಕಾರಣವಿಲ್ಲದಿಲ್ಲ. 1872ನೆಯ ಇಸವಿಯ ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮವು ಶ್ರೀಸಭೆಯ ವಿಧಿಗಳಿಗನುಸಾರವಾಗಿ ಗುರುಗಳು ನೆರವೇರಿಸಿದ ವಿವಾಹವನ್ನೇ ಸಿಂಧುವೆಂದು ಮನ್ನಿಸುತ್ತದೆ. ಬಲಿಪೀಠದ ಮುಂದೆ ಆಡಿದ ಒಂದೇ ಒಪ್ಪಿಗೆಯ ಮಾತು ದೇವರ ಮುಂದೆಯೂ ಸರಕಾರದ ಮುಂದೆಯೂ ನಿಲ್ಲುತ್ತದೆ. ಇದು ಎಲ್ಲೆಡೆಯೂ ಹೀಗೆಯೇ ಇರುವುದೆಂದು ನಾವು ಭಾವಿಸಿಬಿಟ್ಟಿದ್ದೇವೆ. ಕಡಲು ದಾಟಿದ ಮೇಲೆ ಹಾಗಿಲ್ಲ.

ಇಟಲಿಯಲ್ಲಿ 1929ರ ಲಾತೆರಾನ್ ಒಪ್ಪಂದದಿಂದಾಗಿ ದೇವಾಲಯದ ವಿವಾಹಕ್ಕೆ ಕಾನೂನಿನ ಮನ್ನಣೆ ದೊರೆಯುವ ದಾರಿಯಿದೆ. ಆದರೆ ಗುರುಗಳು ಅದರ ಪತ್ರವನ್ನು ಪುರಸಭೆಗೆ ಕಳುಹಿಸಿ ದಾಖಲು ಮಾಡಿಸಬೇಕು. ಫ್ರಾನ್ಸಿನಲ್ಲಿಯಾದರೋ ಮೊದಲು ಪುರಭವನದಲ್ಲಿ ವಿವಾಹವಾಗಬೇಕು, ಅನಂತರವೇ ದೇವಾಲಯಕ್ಕೆ ಬರಬೇಕು. ಇಂಗ್ಲೆಂಡಿನಲ್ಲಿ ನೋಂದಣಿ ಕಚೇರಿಗೆ ಮುಂಚಿತವಾಗಿ ನೋಟೀಸು ಕೊಟ್ಟು 28 ದಿನ ಕಾಯಬೇಕು. ಪರದೇಶದವರ ವಿಷಯದಲ್ಲಿ ಅದು 70 ದಿನಗಳವರೆಗೂ ಬೆಳೆಯಬಹುದು.

ಜರ್ಮನಿಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿಯೂ ಸರಕಾರಿ ವಿವಾಹಕ್ಕೆ ಮುನ್ನ ದೇವಾಲಯದಲ್ಲಿ ವಿವಾಹ ನಡೆಸುವುದಕ್ಕೆ ನಿಷೇಧವಿತ್ತು. 2009ರಲ್ಲಿ ಅದನ್ನು ತೆಗೆದರು. ಒಳ್ಳೆಯದಾಯಿತಲ್ಲ ಎನ್ನುವಿರಿ. ಆದರೆ ದೇವಾಲಯದಲ್ಲಿ ಮಾತ್ರ ವಿವಾಹವಾದವರು ಆ ದೇಶದ ಕಾನೂನಿನ ಕಣ್ಣಿಗೆ ಸತಿಪತಿಗಳಲ್ಲ. ನಮ್ಮ ಹೆಣ್ಣುಮಗಳೊಬ್ಬಳು ಹೀಗೆ ಕೈಹಿಡಿದಳೆನ್ನೋಣ. ಪತಿ ಅಕಾಲದಲ್ಲಿ ತೀರಿಕೊಂಡರೆ ಅವಳಿಗೆ ವಿಧವಾ ವೇತನವಿಲ್ಲ, ಪತ್ನಿಯೆಂಬ ನೆಲೆಯಲ್ಲಿ ಆಸ್ತಿಯಲ್ಲಿ ಪಾಲಿಲ್ಲ. ಆದುದರಿಂದಲೇ ಅಲ್ಲಿಯ ಧರ್ಮಾಧ್ಯಕ್ಷರು ತಮ್ಮ ಅನುಮತಿಯಿಲ್ಲದೆ ಅಂಥ ವಿವಾಹ ನಡೆಯಕೂಡದೆಂದು ಗೊತ್ತುಮಾಡಿದ್ದಾರೆ. ನಾಡಿನ ಕಾನೂನು ಮನ್ನಿಸಲಾಗದ ವಿವಾಹವನ್ನು ಧರ್ಮಾಧ್ಯಕ್ಷರ ಅಪ್ಪಣೆಯಿಲ್ಲದೆ ಗುರುಗಳು ನಡೆಸಬಾರದೆಂದು 1983ರ ಶ್ರೀಸಭೆಯ ಕಾನೂನು ಸಂಹಿತೆಯ 1071ನೆಯ ವಿಧಿಯೇ ಹೇಳುತ್ತದೆ.

ಇನ್ನೊಂದು ಬಗೆಯ ತಪ್ಪು ಇದಕ್ಕೆ ತಿರುವುಮುರುವಾದುದು. ನಮ್ಮ ಪಾರ್ಲಿಮೆಂಟು 1969ರಲ್ಲಿ ವಿದೇಶ ವಿವಾಹ ಅಧಿನಿಯಮವನ್ನು ಮಾಡಿದೆ. ವಧುವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ ರಾಯಭಾರ ಕಚೇರಿಯ ವಿವಾಹ ಅಧಿಕಾರಿಯ ಎದುರು ವಿವಾಹವಾಗಬಹುದು. ಇಬ್ಬರಲ್ಲೊಬ್ಬರು ನೋಟೀಸಿಗೆ ಮುನ್ನ ಅಲ್ಲಿ 30 ದಿನ ವಾಸವಾಗಿರಬೇಕು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು; ಇಬ್ಬರಿಗೂ ಜೀವಂತ ಸಂಗಾತಿ ಇರಕೂಡದು. ನೋಟೀಸನ್ನು ಪ್ರಕಟಿಸಿದ ಮೇಲೆ ಆಕ್ಷೇಪಣೆಗೆಂದು 30 ದಿನಗಳ ಅವಕಾಶವಿದೆ. ಬಳಿಕ ಮೂವರು ಸಾಕ್ಷಿಗಳೊಡನೆ ವಿವಾಹ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಮುಸ್ಲಿಮೇತರರಿಗೆಂದು ಅಬುಧಾಬಿಯಲ್ಲಿ 2021ರಲ್ಲಿ, ಆ ಬಳಿಕ ಇಡೀ ದೇಶಕ್ಕೆ ಅನ್ವಯಿಸುವಂತೆ 2022ರಲ್ಲಿ, ಸಿವಿಲ್ ವಿವಾಹದ ಕಾನೂನುಗಳಾಗಿವೆ.

ಇವೆಲ್ಲ ಸರಕಾರದ ಮಟ್ಟಿಗೆ ಪೂರ್ಣ ವಿವಾಹಗಳು. ಕಥೋಲಿಕರಿಗಾದರೋ ಇವಿಷ್ಟೇ ಸಾಲದು. ವಿಚಾರಣಾ ಗುರುಗಳು ಇಲ್ಲವೆ ಅವರಿಂದ ಅಧಿಕಾರ ಪಡೆದವರು, ಮತ್ತು ಇಬ್ಬರು ಸಾಕ್ಷಿಗಳು—ಇವರ ಮುಂದೆ ಒಪ್ಪಿಗೆ ಕೊಡಬೇಕೆಂಬುದು 1108ನೆಯ ವಿಧಿ. 1563ರ ತ್ರೆಂತ್ ಮಹಾಸಭೆಯಿಂದಲೂ ಈ ನಿಯಮ ನಡೆದು ಬಂದಿದೆ. ಗುಟ್ಟಾಗಿ ಮದುವೆಯಾಗಿ, ಆಮೇಲೆ ಇಲ್ಲವೆಂದು ಕೈಬಿಡುವವರನ್ನು ತಡೆಯುವುದೇ ಅದರ ಉದ್ದೇಶವಾಗಿತ್ತು. ಅಂಥವರು ಇಂದಿಗೂ ಕಡಿಮೆಯಾಗಿಲ್ಲ.

ಹಾಗಾದರೆ ಇಲ್ಲಿಂದ ಏನನ್ನು ಕಳುಹಿಸಬೇಕು? ಹೊಸದಾಗಿ ಬರೆಯಿಸಿದ ಜ್ಞಾನಸ್ನಾನದ ಪತ್ರ, ದೃಢೀಕರಣ ಸಂಸ್ಕಾರದ ಪತ್ರ, ಅವಿವಾಹಿತರೆಂಬುದಕ್ಕೆ ನಮ್ಮ ಪತ್ರ. ಅನ್ಯಧರ್ಮೀಯರೊಡನೆ ವಿವಾಹವಾದರೆ ಧರ್ಮಾಧ್ಯಕ್ಷರ ವಿನಾಯಿತಿಯೂ ಬೇಕು. ಇಪ್ಪತ್ತು ವರ್ಷದ ಹಿಂದಿನ ಜ್ಞಾನಸ್ನಾನದ ಪತ್ರ ಪೆಟ್ಟಿಗೆಯಲ್ಲಿದೆ, ಅದೇ ಸಾಲದೇ ಎಂದು ಕೇಳುತ್ತೀರಿ. ಸಾಲದು. ಒಬ್ಬನು ವಿವಾಹವಾದಾಗ ಆ ಸಂಗತಿಯನ್ನು ಅವನ ಜ್ಞಾನಸ್ನಾನದ ದಫ್ತರಿನ ಅಂಚಿನಲ್ಲಿ ಬರೆಯುತ್ತಾರೆ. ಹೊಸ ಪತ್ರದಲ್ಲಿ ಆ ಬರಹವೂ ಇಳಿದು ಬರುತ್ತದೆ; ಹಳೆಯ ಪತ್ರದಲ್ಲಿ ಅದು ಹೇಗೆ ಬಂದೀತು? ಹೆಣ್ಣು ಕೊಡುವವರು ವರನ ವಿಚಾರಣೆಯಿಂದ ಹೊಸ ಪತ್ರವನ್ನು ಕೇಳಲು ಸಂಕೋಚಪಡಬಾರದು. ಅವನಿಗೆ ಬೇರೊಂದೆಡೆ ಹೆಂಡತಿಯಿದ್ದರೆ ಅನೇಕ ವೇಳೆ ಗೊತ್ತಾಗುವುದು ಆ ಅಂಚಿನ ಒಂದು ಸಾಲಿನಿಂದಲೇ.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ಹೆಚ್ಚು. ದಫ್ತರಿನಲ್ಲಿ ಅಂತೋಣಿ, ಶಾಲೆಯಲ್ಲಿ ಚನ್ನಪ್ಪ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯ ಕಾಗುಣಿತ. ಈ ಮೂವರೂ ಒಬ್ಬನೇ ಎಂದು ಪರದೇಶದ ಗುಮಾಸ್ತನು ಹೇಗೆ ನಂಬಬೇಕು? "ದಫ್ತರಿನಲ್ಲಿಯೇ ತಿದ್ದಿಬಿಡ್ರಿ" ಎಂದು ನಮ್ಮನ್ನು ಕೇಳಬೇಡಿ. ಧರ್ಮಾಧ್ಯಕ್ಷರ ಆಜ್ಞೆಯಿಲ್ಲದೆ ಅಲ್ಲಿ ಒಂದಕ್ಷರವನ್ನೂ ನಾವು ಮುಟ್ಟುವಂತಿಲ್ಲ. ನೋಟರಿಯ ಮುಂದೆ ಅಫಿಡವಿಟ್ಟು ಮಾಡಿಸಿ, ಶಾಲೆಯ ದಾಖಲೆಯೊಡನೆ ತನ್ನಿರಿ. ಬರಹದ ಬೆಲೆಯನ್ನು ಅಬಲೂರಿನವರಿಗೆ ನಾವು ಹೇಳಬೇಕೆ? ಏಕಾಂತದ ರಾಮಯ್ಯನ ವಾದದಲ್ಲಿ ಓಲೆ ಬರೆಯಿಸಿಕೊಂಡುದೂ ಬಿಜ್ಜಳನು ಜಯಪತ್ರ ಕೊಟ್ಟುದೂ ಇಲ್ಲಿಯ ಸೋಮೇಶ್ವರ ದೇವಾಲಯದ ಕಲ್ಲಿನಲ್ಲಿಯೇ ಇದೆ.

ಇಲ್ಲಿ ವಿವಾಹವಾಗಿ ಪತ್ನಿಯನ್ನು ಕರೆದೊಯ್ಯುವವರಿಗೂ ಒಂದು ಮಾತು. ದೇವಾಲಯದ ಪತ್ರವನ್ನು ಮಾತ್ರ ತೋರಿಸಿದರೆ ಪರದೇಶದ ಕಚೇರಿಗಳು ಅನೇಕ ವೇಳೆ ಒಪ್ಪುವುದಿಲ್ಲ. ಎಲ್ಲ ಧರ್ಮದವರ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪು ಕೊಟ್ಟಿದೆ. ನಮ್ಮ ರಾಜ್ಯದಲ್ಲಿ 1976ರ ಕಾನೂನೇ ಇದೆ. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಕೇಳಿ, ಸರಕಾರದ ಪತ್ರವನ್ನೂ ಪಡೆಯಿರಿ. ಅದಕ್ಕೆ ಮೊದಲು ರಾಜ್ಯ ಸರಕಾರದ, ಬಳಿಕ ದೆಹಲಿಯ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕಾಗುತ್ತದೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ಹೆಚ್ಚಿನ ದೇಶಗಳಿಗೆ ಅಪೊಸ್ಟಿಲ್ ಎಂಬ ಮುದ್ರೆ ಸಾಕು. ಭಾರತವು 2005ರಿಂದ ಅದರಲ್ಲಿದೆ, ಒಮಾನ್ 2012ರಿಂದ. ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮೊಹರೂ ಬೇಕು. ಕಡಿಮೆಯೆಂದರೆ ಮೂರು ತಿಂಗಳು ಮೊದಲೇ ಕೈಹಾಕಿರಿ. ಹಾಲ್ ಗೊತ್ತುಮಾಡಿದ ಮೇಲೆ ಓಡಿಬರಬೇಡಿ.

ಕೊನೆಯದಾಗಿ, ಪರದೇಶದ ವಿಚಾರಣೆಯಲ್ಲಿ ವಿವಾಹವಾದೊಡನೆ ಅಲ್ಲಿಯ ಗುರುಗಳು ನಮಗೆ ತಿಳಿಸಬೇಕೆಂದು 1122ನೆಯ ವಿಧಿಯಿದೆ. ಕಾಗದ ಬಾರದಿದ್ದರೆ ಮಕ್ಕಳಿಗೆ ನೆನಪು ಮಾಡಿ, ವಿವಾಹಪತ್ರದ ಪ್ರತಿಯನ್ನು ತರಿಸಿಕೊಡಿ. ಹೊರದೇಶದಲ್ಲಿ ವಿವಾಹವಾದರೆಂದು ನಾವು ಬಾಯಿಮಾತಿನಲ್ಲಿ ಕೇಳಿರುವ ಕೆಲವರ ಹೆಸರಿನೆದುರು ನಮ್ಮ ದಫ್ತರಿನ ಅಂಚು ಇನ್ನೂ ಖಾಲಿಯಾಗಿಯೇ ಇದೆ. ಅವರ ತಾಯಿತಂದೆಯರು ಈ ಸಭೆಯಲ್ಲಿದ್ದರೆ, ಊಟ ಮುಗಿಸಿಕೊಂಡು ಕಚೇರಿಗೆ ಬನ್ನಿರಿ. ದಫ್ತರನ್ನು ಮೇಜಿನ ಮೇಲೆ ತೆಗೆದಿರಿಸಿದ್ದೇವೆ.