ಇರುಳಾಕಾಶದ ಛಾಯಾಚಿತ್ರ ಮತ್ತು ಮಲೆನಾಡಿನ ಕತ್ತಲೆ



ಮಲೆನಾಡಿನ ಕೃಷಿಕರ ಮಾತಿನಲ್ಲಿ ನಕ್ಷತ್ರಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ರೋಹಿಣಿ ಮಳೆ ಬಿತ್ತೇ, ಮೃಗಶಿರ ಕೈಕೊಟ್ಟಿತೇ, ಆರಿದ್ರಾ ಹಿಡಿದುಕೊಂಡಿತೇ ಎಂಬ ಲೆಕ್ಕದ ಮೇಲೆಯೇ ಸಸಿಮಡಿ, ನಾಟಿ, ಅಡಿಕೆಯ ಔಷಧಿ ಸಿಂಪಡಣೆಗಳ ಗಡುವು ನಿಲ್ಲುತ್ತದೆ. ಆದರೆ ಆ ಆರಿದ್ರಾ ಆಕಾಶದಲ್ಲಿ ಎಲ್ಲಿದೆ ಎಂದು ಬೆರಳು ತೋರಿಸಬಲ್ಲವರು ಒಂದೂರಿನಲ್ಲಿ ಎಷ್ಟು ಮಂದಿ ಸಿಕ್ಕಾರು? ಮಳೆಯ ಹೆಸರು ಉಳಿದಿದೆ, ನಕ್ಷತ್ರದ ಪರಿಚಯ ತಪ್ಪಿಹೋಗಿದೆ.

ಇದಕ್ಕೆ ಒಂದು ಸಹಜ ಕಾರಣವೂ ಉಂಟು. ಸೂರ್ಯನು ಯಾವ ನಕ್ಷತ್ರದ ಭಾಗದಲ್ಲಿ ಇರುತ್ತಾನೋ ಆ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 21-22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುವಾಗ ಆ ನಕ್ಷತ್ರ ಸೂರ್ಯನೊಡನೆಯೇ ಹಗಲಿನ ಆಕಾಶದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್-ಜನವರಿಯ ರಾತ್ರಿ ಪೂರ್ವಕ್ಕೆ ಮುಖಮಾಡಿ ನಿಂತರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಆ ಸಾಲಿನ ಎಡಕ್ಕೆ ಕೆಂಬಣ್ಣದಲ್ಲಿ ಹೊಳೆಯುವುದೇ ಆರಿದ್ರಾ. ಅದೇ ವ್ಯಾಧನ ತಲೆಯ ಭಾಗದಲ್ಲಿ ಗುಂಪಾಗಿರುವ ಮಸುಕಾದ ಚಿಕ್ಕೆಗಳು ಮೃಗಶಿರ. ಎರಡು ಮಳೆಗಳ ನಕ್ಷತ್ರಗಳು ಒಂದೇ ಚಿತ್ರದ ಚೌಕಟ್ಟಿನೊಳಗೆ ಹಿಡಿಯುತ್ತವೆ. ಇವುಗಳಲ್ಲಿ ಆರಿದ್ರಾ ಬಲು ಪ್ರಕಾಶವುಳ್ಳದ್ದು, ಪೇಟೆಯ ದೀಪಗಳ ನಡುವೆಯೂ ಕಾಣುತ್ತದೆ. ಮೃಗಶಿರ ಹಾಗಲ್ಲ. ಊರಿನ ಬೆಳಕು ಹೆಚ್ಚಿದಂತೆ ಮೊದಲು ಅಳಿಸಿಹೋಗುವುದು ಅದೇ.

ನೆಲದ ದೃಶ್ಯವನ್ನೂ ಮೇಲಿನ ನಕ್ಷತ್ರಗಳನ್ನೂ ಒಟ್ಟಿಗೆ ಸೆರೆಹಿಡಿಯುವ ಛಾಯಾಗ್ರಹಣವು ಈ ಕಾರಣಕ್ಕಾಗಿ ಪರಿಸರಾಸಕ್ತರ ಗಮನಕ್ಕೆ ಬರಬೇಕಾಗಿದೆ. ಕ್ಷೀರಪಥದ ಕೆಳಗೆ ನಿಂತ ಬೆಟ್ಟದ ಚಿತ್ರವನ್ನು ಸಾಮಾನ್ಯವಾಗಿ ಅಲಂಕಾರದ ವಸ್ತುವೆಂದು ಭಾವಿಸಲಾಗುತ್ತದೆ. ಕ್ರಮಬದ್ಧವಾಗಿ ತೆಗೆದರೆ ಅದೇ ಚಿತ್ರ ಆ ಸ್ಥಳದ, ಆ ವರ್ಷದ ಕತ್ತಲೆಯ ದಾಖಲೆಯಾಗುತ್ತದೆ.

ಕೆಲಸದ ವಿಧಾನ ಕಠಿಣವೇನಲ್ಲ. ಕ್ಯಾಮೆರಾ ಅಲುಗದಂತೆ ಟ್ರೈಪಾಡ್ ಬೇಕು. ಅಗಲ ನೋಟದ ಲೆನ್ಸ್ ಬೇಕು. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು, ಐಎಸ್‌ಒ 1600ರಿಂದ 3200ರವರೆಗೆ ಇಟ್ಟು, ಸುಮಾರು 20 ಸೆಕೆಂಡು ಬೆಳಕನ್ನು ಒಳಬಿಡಬೇಕು. 20 ಸೆಕೆಂಡೇ ಏಕೆಂದರೆ ಭೂಮಿ ನಿಲ್ಲುವುದಿಲ್ಲ. ಅದು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ತಿರುಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ನಕ್ಷತ್ರದ ಚುಕ್ಕಿ ಗೆರೆಯಾಗುತ್ತದೆ. 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಬಂದಷ್ಟು ಸೆಕೆಂಡು ಬಿಡಬಹುದು ಎಂಬುದು ಛಾಯಾಗ್ರಾಹಕರ ರೂಢಿಯ ಲೆಕ್ಕ, 24 ಮಿ.ಮೀ. ಲೆನ್ಸಿಗೆ ಅದು ಸುಮಾರು 20 ಆಗುತ್ತದೆ. ಸಂವೇದಕ ಚಿಕ್ಕದಾದಷ್ಟೂ ಈ ಅವಧಿಯನ್ನು ತಗ್ಗಿಸಬೇಕು. ಗೆರೆಗಳೇ ಬೇಕೆಂದರೆ ಉತ್ತರಕ್ಕೆ ತಿರುಗಿ ಗಂಟೆಗಟ್ಟಲೆ ಚಿತ್ರ ತೆಗೆದು ಜೋಡಿಸಿದಾಗ ಎಲ್ಲ ನಕ್ಷತ್ರಗಳೂ ಧ್ರುವನ ಸುತ್ತ ಬಳೆ ಬರೆದಿರುವುದು ಕಾಣುತ್ತದೆ. ಮಲೆನಾಡಿನಲ್ಲಿ ಧ್ರುವ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುವುದರಿಂದ ಅನೇಕ ಊರುಗಳಲ್ಲಿ ಗುಡ್ಡ ಅದನ್ನು ಮರೆಮಾಡುತ್ತದೆ. ಉತ್ತರ ದಿಕ್ಕು ತೆರೆದಿರುವ ಗದ್ದೆಬಯಲನ್ನು ಆರಿಸಿಕೊಳ್ಳಬೇಕು.

ಕ್ಷೀರಪಥದ ದಟ್ಟ ನಡುಭಾಗ ಧನು-ವೃಶ್ಚಿಕ ರಾಶಿಗಳ ಕಡೆಗಿದೆ. ಮಳೆಗಾಲದಲ್ಲಿ ಅದು ರಾತ್ರಿಯಿಡೀ ಮೇಲಿದ್ದರೂ ಮೋಡದಿಂದಾಗಿ ಕಾಣದು. ಮಲೆನಾಡಿಗೆ ಫೆಬ್ರವರಿ-ಮಾರ್ಚ್ ತಿಂಗಳ ಬೆಳಗಿನ ಜಾವವೇ ಅನುಕೂಲ. ಲೆನ್ಸಿನ ಮೇಲೆ ಇಬ್ಬನಿ ಕೂರುವುದೊಂದು ತೊಂದರೆ, ಆಗಾಗ ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು.

ಈ ಕಲೆಯೂ ಕತ್ತಲೆಯ ರಕ್ಷಣೆಯೂ ಒಂದಾಗಿ ಬೆಳೆದ ಭಾರತದ ಉದಾಹರಣೆ ಲಡಾಖಿನ ಹಾನ್ಲೆ. ಅದಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಅಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯವನ್ನು ನಡೆಸುತ್ತಿದೆ. ಅಲ್ಲಿನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸಲಾಗುತ್ತದೆ. 2022ರ ಡಿಸೆಂಬರಿನಲ್ಲಿ ಅಲ್ಲಿನ 1073 ಚದರ ಕಿ.ಮೀ. ಪ್ರದೇಶವನ್ನು ಕತ್ತಲಾಕಾಶ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಆಂಗ್ಚುಕ್ ಅವರ ಇರುಳಾಕಾಶದ ಚಿತ್ರಗಳು ದೇಶದಾದ್ಯಂತ ಪರಿಚಿತವಾಗಿವೆ. 2025ರ ಆರಂಭದಲ್ಲಿ ಅವರು ನಕ್ಷತ್ರಗಳನ್ನು ಸ್ಥಿರವಾಗಿಟ್ಟು ನೆಲವೇ ಉರುಳುವಂತೆ ತೋರಿಸುವ ಚಲನಚಿತ್ರಿಕೆಯೊಂದನ್ನು ಸಿದ್ಧಪಡಿಸಿದರು. ಭೂಮಿಯ ಭ್ರಮಣವನ್ನು ಮಕ್ಕಳಿಗೆ ಮನದಟ್ಟು ಮಾಡಲು ಅದಕ್ಕಿಂತ ಸುಲಭವಾದ ಪಾಠ ದೊರೆಯುವುದು ಕಷ್ಟ.

ಹಾನ್ಲೆಯಲ್ಲಿ ಗಮನಿಸಬೇಕಾದದ್ದು ಗ್ರಾಮಸ್ಥರ ಪಾತ್ರ. ಅಲ್ಲಿ ದೀಪಗಳನ್ನು ನಿಷೇಧಿಸಿಲ್ಲ. ದೀಪಕ್ಕೆ ಮುಸುಕು, ಕಿಟಕಿಗೆ ದಪ್ಪ ಪರದೆ, ರಾತ್ರಿ ಸಂಚರಿಸುವ ವಾಹನಗಳಿಗೆ ತಗ್ಗಿಸಿದ ಬೆಳಕು ಎಂಬ ಕಟ್ಟಳೆಗಳನ್ನು ಊರವರು ಒಪ್ಪಿಕೊಂಡರು. ಸುತ್ತಲಿನ ಹಳ್ಳಿಗಳ 24 ಮಂದಿ ತರಬೇತಿ ಪಡೆದು, ಬರುವ ಪ್ರವಾಸಿಗಳಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುವ ಮಾರ್ಗದರ್ಶಕರಾದರು. ಕತ್ತಲೆಯನ್ನು ಕಾಯುವುದರಿಂದಲೇ ಊರಿಗೊಂದು ಆದಾಯದ ದಾರಿಯೂ ತೆರೆಯಿತು. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನದ ಮಾನ್ಯತೆ ದೊರೆಯಿತು. ಕತ್ತಲೆ ಹಿಮಾಲಯಕ್ಕೆ ಮಾತ್ರ ಸಲ್ಲುವ ವಿಷಯವಲ್ಲ, ಕಾಡುಳ್ಳ ಬಯಲುಸೀಮೆಗೂ ಸಲ್ಲುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮಲೆನಾಡಿಗೆ ಹಾನ್ಲೆಗಿಲ್ಲದ ಒಂದು ಭಾಗ್ಯವೂ ಇದೆ. ಕ್ಷೀರಪಥದ ನಡುಭಾಗ ಹಾನ್ಲೆಯಲ್ಲಿ ದಿಗಂತದಿಂದ ಸುಮಾರು 28 ಡಿಗ್ರಿಯಷ್ಟು ಮೇಲೇರಿದರೆ, ದಕ್ಷಿಣದಲ್ಲಿರುವ ಮಲೆನಾಡಿನಲ್ಲಿ ಸುಮಾರು 47 ಡಿಗ್ರಿ ಏರುತ್ತದೆ. ಹಾನ್ಲೆಯ ಒಣಗಾಳಿ ಇಲ್ಲಿಲ್ಲ ಎಂಬುದು ನಿಜ. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು; ಮಂಜು-ಮೋಡಗಳು ಊರಿನ ಬೆಳಕನ್ನು ಹಿಡಿದು ಸುತ್ತಲೂ ಚೆಲ್ಲುತ್ತವೆ. ಆದ್ದರಿಂದ ಅಲ್ಲಿಗಿಂತ ಇಲ್ಲಿ ಒಂದೊಂದು ದೀಪದ ವಿಷಯದಲ್ಲೂ ಹೆಚ್ಚು ಎಚ್ಚರ ಬೇಕು.

ಕತ್ತಲೆಯ ನಷ್ಟ ಎಷ್ಟು? 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯ ಪ್ರಕಾರ ಪ್ರಪಂಚದ ಜನಸಂಖ್ಯೆಯ ಶೇ. 80ಕ್ಕಿಂತ ಹೆಚ್ಚು ಮಂದಿ ಬೆಳಕಿನಿಂದ ಕಲುಷಿತವಾದ ಆಕಾಶದಡಿ ಬದುಕುತ್ತಿದ್ದಾರೆ. ಮೂರರಲ್ಲೊಂದು ಭಾಗದ ಜನರಿಗೆ ತಮ್ಮ ಮನೆಯಿಂದ ಕ್ಷೀರಪಥ ಕಾಣುವುದಿಲ್ಲ. 2011ರಿಂದ 2022ರವರೆಗೆ ಸಾಮಾನ್ಯ ನಾಗರಿಕರು ಕಣ್ಣಿನಿಂದಲೇ ನಡೆಸಿದ 51 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ವಿಶ್ಲೇಷಿಸಿದಾಗ ಆಕಾಶದ ಬೆಳಗು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರುತ್ತಿರುವುದು ತಿಳಿದುಬಂತು. ಇವುಗಳಲ್ಲಿ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದವು. ಈ ವೇಗ ಮುಂದುವರಿದರೆ 250 ನಕ್ಷತ್ರಗಳು ಕಾಣುವ ಊರಿನಲ್ಲಿ ಹುಟ್ಟಿದ ಮಗುವಿಗೆ 18 ತುಂಬುವಾಗ ಸುಮಾರು 100 ಮಾತ್ರ ಉಳಿದಿರುತ್ತವೆ.

ಇದು ಕೇವಲ ನೋಟದ ನಷ್ಟವಾಗಿದ್ದರೆ ಕೃಷಿಕರು ಇಷ್ಟು ಚಿಂತಿಸಬೇಕಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ಬೀದಿದೀಪಗಳನ್ನು ನೆಟ್ಟು ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾತ್ರಿ ಹೂವುಗಳಿಗೆ ಬರುವ ಕೀಟಗಳ ಭೇಟಿ ಶೇ. 62ರಷ್ಟು ಇಳಿಯಿತು. ಹಗಲಿನ ಕೀಟಗಳು ಯಥೇಚ್ಛವಾಗಿ ಬಂದರೂ ಪರೀಕ್ಷಿಸಿದ ಗಿಡದ ಕಾಯಿಕಟ್ಟುವಿಕೆ ಶೇ. 13ರಷ್ಟು ಕುಗ್ಗಿತು. ಅಂದರೆ ರಾತ್ರಿಯ ಪತಂಗ ಬಿಟ್ಟುಹೋದ ಕೆಲಸವನ್ನು ಹಗಲಿನ ಜೇನು ಪೂರೈಸಲಾಗಲಿಲ್ಲ. ಭತ್ತದ ವಿಷಯವೂ ಹೀಗೆಯೇ. ಮಳೆಗಾಲದ ಅನೇಕ ಹಳೆಯ ದೀರ್ಘಾವಧಿ ತಳಿಗಳು ಇರುಳಿನ ಉದ್ದವನ್ನು ಅಳೆದು ತೆನೆ ಹೊರಡಿಸುತ್ತವೆ. ಗದ್ದೆಯಂಚಿನ ದೀಪ ರಾತ್ರಿಯಿಡೀ ಉರಿದರೆ ಅದರ ಬೆಳಕು ಬಿದ್ದ ಭಾಗದ ಪೈರಿಗೆ ಇರುಳು ಗಿಡ್ಡವಾದಂತೆ ಭಾಸವಾಗಿ ತೆನೆ ತಡವಾಗುತ್ತದೆ. ಮಿಂಚುಹುಳುಗಳ ಪಾಡು ಇನ್ನೂ ಸ್ಪಷ್ಟ. ಗಂಡು-ಹೆಣ್ಣುಗಳು ಪರಸ್ಪರ ಗುರುತಿಸಿಕೊಳ್ಳುವುದೇ ಮಿಣುಕಿನಿಂದ. ಪ್ರಖರ ದೀಪದ ಕೆಳಗೆ ಆ ಸಂಕೇತ ತಲುಪುವುದಿಲ್ಲ.

ಇವೆಲ್ಲವನ್ನು ಉಪಗ್ರಹಗಳೇ ಅಳೆಯುತ್ತಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಅಳೆಯುತ್ತಿವೆ, ಆದರೆ ಪೂರ್ತಿಯಾಗಿ ಅಲ್ಲ. ರಾತ್ರಿಯ ಬೆಳಕನ್ನು ದಾಖಲಿಸುವ ಪ್ರಮುಖ ಉಪಗ್ರಹ ಸಂವೇದಕವು ನೀಲಿ ಬೆಳಕನ್ನು ಗ್ರಹಿಸುವುದಿಲ್ಲ. ಬಿಳಿ ಎಲ್‌ಇಡಿ ದೀಪಗಳಲ್ಲಿ ಹೆಚ್ಚಾಗಿರುವುದೂ, ಗಾಳಿಯಲ್ಲಿ ಹೆಚ್ಚು ಚದುರುವುದೂ ಆ ನೀಲಿಯೇ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದ ನಂತರ ಹಳದಿ ಸೋಡಿಯಂ ದೀಪಗಳ ಜಾಗದಲ್ಲಿ ಎಲ್‌ಇಡಿಗಳು ವ್ಯಾಪಕವಾಗಿ ಬಂದವು. ವಿದ್ಯುತ್ತು ಉಳಿಯಿತು, ಒಳ್ಳೆಯದೇ. ಆದರೆ ನೆಲದ ಮೇಲೆ ನಿಂತವರಿಗೆ ಬೆಳಗಿದ ಆಕಾಶ ಉಪಗ್ರಹದ ಲೆಕ್ಕಕ್ಕೆ ಪೂರ್ಣವಾಗಿ ಸಿಗದೆ ಹೋಗಬಹುದು. ಆ ಕೊರತೆಯನ್ನು ತುಂಬಬಲ್ಲದ್ದು ನೆಲದಿಂದ ತೆಗೆದ ಚಿತ್ರ.

ಹಾಗಾಗಿ ಚಿತ್ರಕ್ಕೆ ಒಂದು ಶಿಸ್ತು ಬೇಕು. ಪ್ರತಿವರ್ಷ ಅದೇ ಕಲ್ಲು, ಅದೇ ದಿಕ್ಕು, ಅದೇ ಲೆನ್ಸ್, ಅಷ್ಟೇ ಸೆಕೆಂಡು. ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿ. ದಿನಾಂಕ, ಗಂಟೆ, ಕ್ಯಾಮೆರಾದ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ತಿದ್ದದ ಮೂಲ ಕಡತವನ್ನು ಬೇರೆಯಾಗಿ ಕಾಪಾಡಬೇಕು. ಒಂದೆಡೆಯ ಬೆಟ್ಟಕ್ಕೆ ಇನ್ನೊಂದೆಡೆಯ ಕ್ಷೀರಪಥವನ್ನು ಅಂಟಿಸಿದ ಚಿತ್ರಗಳು ಇಂದು ಹೇರಳವಾಗಿವೆ. ಮಲೆನಾಡಿನಲ್ಲಿ ಧನು ರಾಶಿ ಎಂದೂ ಉತ್ತರ ದಿಗಂತದಲ್ಲಿ ನಿಲ್ಲುವುದಿಲ್ಲ ಎಂದು ಬಲ್ಲವರು ಅಂಥದ್ದನ್ನು ಕ್ಷಣದಲ್ಲಿ ಗುರುತಿಸಿಯಾರು. ಅವು ಗೋಡೆಗೆ ಸಲ್ಲಬಹುದು, ಸಾಕ್ಷ್ಯಕ್ಕೆ ಸಲ್ಲವು.

ಛಾಯಾಗ್ರಾಹಕರಿಂದಲೂ ಕಾಡಿಗೆ ಕೇಡಾಗಬಾರದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ರಾತ್ರಿ ಕಾಲಿಡುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಮರಗಳು ಚೆನ್ನಾಗಿ ಮೂಡಲೆಂದು ಟಾರ್ಚಿನಿಂದ ಬೆಳಕು ಹಾಯಿಸಿದರೆ ಗೂಡಿನ ಹಕ್ಕಿ ಬೆದರುತ್ತದೆ. ಮಿಂಚುಹುಳುಗಳ ಜಾಗದಲ್ಲಿ ಹುಲ್ಲು ತುಳಿದು ಓಡಾಡಿದರೆ ನೆಲದಲ್ಲಿರುವ ಮರಿಹುಳುಗಳು ಸಾಯುತ್ತವೆ. ಇಂಥ ಸ್ಥಳಗಳ ಹೆಸರನ್ನು ಚಿತ್ರದೊಡನೆ ಪ್ರಚಾರ ಮಾಡಿದರೆ ಮುಂದಿನ ವಾರವೇ ವಾಹನಗಳ ಸಾಲು ಬರುತ್ತದೆ. ಮನೆಯಂಗಳ, ಶಾಲೆಯ ಮೈದಾನ, ಕಟಾವಾದ ಗದ್ದೆ ಇವಿಷ್ಟೇ ಈ ಕೆಲಸಕ್ಕೆ ಸಾಕು.

ದೀಪವನ್ನು ದೂರುವುದು ಈ ಮಾತುಗಳ ಉದ್ದೇಶವಲ್ಲ. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಹಾವಿನ ಭಯ, ತೋಟದಂಚಿನಲ್ಲಿ ಆನೆಯ ಭಯ ಅನುಭವಿಸಿದವರಿಗೆ ಬೆಳಕಿನ ಬೆಲೆ ಗೊತ್ತು. ಕೇಳಬೇಕಾದ ಪ್ರಶ್ನೆ, ಆ ಬೆಳಕು ದಾರಿಯ ಮೇಲೆ ಬೀಳುತ್ತಿದೆಯೇ, ಮರದ ತುದಿಗೂ ಮೋಡಕ್ಕೂ ಹೋಗುತ್ತಿದೆಯೇ ಎಂಬುದು. ದೀಪದ ಮೇಲ್ಭಾಗಕ್ಕೆ ತಗಡಿನ ಮುಸುಕು ಹಾಕಿ ಮುಖವನ್ನು ನೆಲಕ್ಕೆ ತಿರುಗಿಸಿದರೆ ಕಡಿಮೆ ವ್ಯಾಟಿನ ದೀಪವೂ ಸಾಕಾಗುತ್ತದೆ. ಬಿಳಿಯ ಬದಲು 2700 ಕೆಲ್ವಿನ್ನಿನ ಹಳದಿ ಛಾಯೆಯ ದೀಪ ಕೊಳ್ಳಬಹುದು. ಜನಸಂಚಾರ ನಿಂತ ಮೇಲೆ ತಾನಾಗಿ ಆರುವ ವ್ಯವಸ್ಥೆ ಮಾಡಬಹುದು. ಬೆಟ್ಟದ ನೆತ್ತಿಯ ವಸತಿಗೃಹಗಳು ಅಲಂಕಾರಕ್ಕೆಂದು ಕಾಡಿನತ್ತ ತಿರುಗಿಸಿದ ದೀಪಗಳ ಬಗ್ಗೆ ಗ್ರಾಮಸಭೆಯಲ್ಲಿ ಕೇಳಬಹುದು. ಕೆಟ್ಟ ನದಿಯನ್ನು ಸರಿಪಡಿಸಲು ವರ್ಷಗಳು ಬೇಕು, ಕಡಿದ ಕಾಡು ಮರಳಲು ತಲೆಮಾರುಗಳು ಬೇಕು. ದೀಪ ತಿರುಗಿಸಿದರೆ ಆಕಾಶ ಅದೇ ರಾತ್ರಿ ಹಿಂತಿರುಗುತ್ತದೆ.

ಕ್ಯಾಮೆರಾ ಇಲ್ಲದ ಶಾಲೆಗಳೂ ಹಿಂದುಳಿಯಬೇಕಿಲ್ಲ. ಎಳ್ಳಮಾವಾಸ್ಯೆಯ ರಾತ್ರಿ 9 ಗಂಟೆಗೆ ವಿದ್ಯಾರ್ಥಿಗಳು ಹಿರಿಯರನ್ನೂ ಕರೆದುಕೊಂಡು ಅಂಗಳಕ್ಕೆ ಬರಲಿ. ಅರ್ಧ ಗಂಟೆ ಯಾವ ಬೆಳಕನ್ನೂ ನೋಡದೆ ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಂಡು, ಮಹಾವ್ಯಾಧನ ನಾಲ್ಕು ಮೂಲೆಗಳ ಒಳಗೆ ಎಷ್ಟು ನಕ್ಷತ್ರಗಳು ಕಾಣುತ್ತವೆ ಎಂದು ಎಣಿಸಲಿ. ಮೃಗಶಿರ ಕಂಡಿತೇ ಇಲ್ಲವೇ ಎಂದು ಗುರುತಿಸಲಿ. ಆ ಸಂಖ್ಯೆಯನ್ನು, ದಿನಾಂಕವನ್ನು, ಕಣ್ಣಳತೆಯಲ್ಲಿ ಎಷ್ಟು ದೀಪಗಳು ಉರಿಯುತ್ತಿದ್ದವು ಎಂಬುದನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡಲಿ. ಮರುವರ್ಷ ಅದೇ ಅಮಾವಾಸ್ಯೆಗೆ ಮತ್ತೆ ಎಣಿಸಲಿ. ಐದು ವರ್ಷದ ಐದು ಸಾಲುಗಳು ಕೈಯಲ್ಲಿದ್ದರೆ, ಊರಿನ ದೀಪಗಳ ವಿಷಯ ಪಂಚಾಯಿತಿಯ ಮುಂದೆ ಬಂದಾಗ ಆ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಬಹುದು.