ಪುಸ್ತಕ ಹೇಳಿದಂತೆ ಮಗು ಬೆಳೆಯುವುದೇ?

(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆ ಆರಂಭವಾಗುವ ಮುನ್ನ ಓರ್ವ ಸಹೋದರಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಮಗುವಿಗೆ ಎರಡು ವರ್ಷ. ವಿಪರೀತ ಹಠ. ಶಿಶುಪಾಲನೆಯ ಯಾವ ಪುಸ್ತಕ ಕೊಂಡರೆ ಒಳಿತು? ನಾವು ಕೂಡಲೇ ಉತ್ತರಿಸಲಿಲ್ಲ. ಅಂತಹ ಪುಸ್ತಕವೊಂದು ನಮ್ಮ ಮನೆಯಲ್ಲಿ ಮಾಡಿದ ಅವಾಂತರ ನೆನಪಾಯಿತು.

ನಮ್ಮ ಹಿರಿಮಗಳಿಗೆ ಎರಡು ತುಂಬಿದಾಗ ನಾವೇ ಅದನ್ನು ಕೊಂಡು ತಂದೆವು. ಮಗು ಹಠ ಮಾಡಿ ಅತ್ತರೆ ಎತ್ತಿಕೊಳ್ಳಬಾರದು, ತಾನಾಗಿ ಸುಮ್ಮನಾಗುವವರೆಗೆ ಕಾಯಬೇಕು ಎಂದು ಅದರಲ್ಲಿತ್ತು. ಓದಿದವರು ನಾವು, ಪಾಲಿಸಬೇಕಾದವಳು ಪತ್ನಿ. ಸಂಜೆ ಮನೆಗೆ ಮರಳಿ, ಇಂದು ಎಷ್ಟು ಬಾರಿ ಎತ್ತಿಕೊಂಡೆ ಎಂದು ವಿಚಾರಣೆ ನಡೆಸುತ್ತಿದ್ದೆವು! ಒಂದು ರಾತ್ರಿ ಮಗು ಅತ್ತು ಅತ್ತು ವಾಂತಿ ಮಾಡಿಕೊಂಡಿತು. ಪತ್ನಿ ಬಾಗಿಲ ಬಳಿ ನಿಂತು, ಎತ್ತಿಕೊಳ್ಳಲು ಅನುಮತಿ ಬೇಕೆಂಬಂತೆ ನಮ್ಮ ಮುಖವನ್ನೇ ನೋಡುತ್ತಿದ್ದಳು. ಮರುದಿನ ವೈದ್ಯರು ಪರೀಕ್ಷಿಸಿದಾಗ ಮಗುವಿನ ಕಿವಿಯೊಳಗೆ ಸೋಂಕು. ನಾವು ಹಠವೆಂದು ತೀರ್ಮಾನಿಸಿದ್ದು ನೋವಾಗಿತ್ತು. ಹೆತ್ತವಳಿಗೆ ಸಂಶಯ ಬಂದಿತ್ತು. ನಾವು ಪುಸ್ತಕ ತೋರಿಸಿ ಅವಳ ಬಾಯಿ ಕಟ್ಟಿದ್ದೆವು.

ಪುಸ್ತಕ ಬರೆಯುವವರಾದರೂ ಒಂದೇ ಮಾತು ಹೇಳಿದ್ದಾರೆಯೇ? 1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಬರೆದ ಗ್ರಂಥವು ಮಕ್ಕಳನ್ನು ಅಪ್ಪಿ ಮುದ್ದಿಸಕೂಡದೆಂದು ಬೋಧಿಸಿತು. ಬೆಳಿಗ್ಗೆ ಕೈ ಕುಲುಕಿದರೆ ಸಾಕಂತೆ! 1946ರಲ್ಲಿ ವೈದ್ಯ ಬೆಂಜಮಿನ್ ಸ್ಪಾಕ್ ತದ್ವಿರುದ್ಧವಾಗಿ, ತಾಯಂದಿರು ತಮ್ಮ ವಿವೇಕವನ್ನೇ ನಂಬಲಿ, ಧಾರಾಳವಾಗಿ ಪ್ರೀತಿಸಲಿ ಎಂದರು. ಅವರ ಪುಸ್ತಕ ಕೋಟಿಗಟ್ಟಲೆ ಮಾರಾಟವಾಯಿತು. ಆದರೆ ಅದೇ ಪುಸ್ತಕದ 1958ರ ಆವೃತ್ತಿ, ಹಸುಗೂಸನ್ನು ಬೋರಲಾಗಿ ಮಲಗಿಸಿರಿ ಎಂದಿತು. ವಾಂತಿಯಾದರೆ ಉಸಿರು ಕಟ್ಟದಿರಲಿ ಎಂಬುದೇ ಉದ್ದೇಶ. ಬೋರಲು ಮಲಗಿದ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವ ಅಪಾಯ ಹೆಚ್ಚೆಂದು ಅನಂತರ ಸಾಬೀತಾಯಿತು. ಅಂಗಾತ ಮಲಗಿಸುವಂತೆ ಅಮೆರಿಕದಲ್ಲಿ 1994ರಿಂದ ನಡೆದ ರಾಷ್ಟ್ರವ್ಯಾಪಿ ಪ್ರಚಾರದ ಬಳಿಕ ಅಂತಹ ಸಾವುಗಳು ಸುಮಾರು ಅರ್ಧಕ್ಕಿಳಿದವು. ಅದಕ್ಕೂ ಮುನ್ನ ಪುಸ್ತಕವನ್ನು ನಂಬಿ ಮಲಗಿಸಿದ ತಾಯಂದಿರ ದುಃಖವನ್ನು ಯಾವ ಹೊಸ ಆವೃತ್ತಿ ತಿದ್ದೀತು?

ಹಾಗೆಂದು ಅಜ್ಜಿಯ ಮಾತೇ ಸಾಕೆನ್ನುವಂತಿಲ್ಲ. ನವಜಾತ ಶಿಶುವಿಗೆ ಜೇನು ನೆಕ್ಕಿಸುವವರು ನಮ್ಮಲ್ಲಿ ಇಂದೂ ಇದ್ದಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಮಾರಕ ಕಾಯಿಲೆ ಬರಬಹುದು. ಕಣ್ಣಿಗೆ ಹಚ್ಚುವ ಎಷ್ಟೋ ಸುರ್ಮಾಗಳಲ್ಲಿ ಸೀಸವಿರುತ್ತದೆ. ಇದನ್ನು ತಿಳಿಸಿಕೊಟ್ಟದ್ದು ವಿಜ್ಞಾನವೇ. ಎರಡು ವರ್ಷದ ಮಗುವಿಗೆ ಮನಸ್ಸಿನ ಕುದಿತವನ್ನು ಹೇಳಲು ಮಾತು ಸಾಲದು, ತಡೆದುಕೊಳ್ಳುವಷ್ಟು ಮೆದುಳು ಇನ್ನೂ ಬೆಳೆದಿಲ್ಲ, ಆದ್ದರಿಂದಲೇ ಅದು ನೆಲಕ್ಕೆ ಬಿದ್ದು ಹೊರಳುತ್ತದೆ ಎಂದು ಒಳ್ಳೆಯ ಪುಸ್ತಕ ವಿವರಿಸುತ್ತದೆ. ಅಷ್ಟು ತಿಳಿದ ತಾಯಿ ಮಗುವಿಗೆ ಹೊಡೆಯುವ ಮುನ್ನ ಒಮ್ಮೆ ಯೋಚಿಸುತ್ತಾಳೆ, ತನ್ನನ್ನೂ ಹಳಿದುಕೊಳ್ಳುವುದಿಲ್ಲ. ಪುಸ್ತಕದಿಂದ ಇಷ್ಟು ಲಾಭವಾದರೆ ಅದೇನೂ ಕಡಿಮೆಯಲ್ಲ.

ಆದರೆ ಈ ಪುಸ್ತಕಗಳು ಮನಸ್ಸಿನಲ್ಲಿಟ್ಟುಕೊಂಡಿರುವ ಮನೆ ಯಾವುದು? ಮಗುವಿಗೆ ಪ್ರತ್ಯೇಕ ಕೋಣೆ, ಸಂಜೆ ಬಿಡುವಾಗಿರುವ ತಂದೆ. ನಮ್ಮಲ್ಲಿ ಎರಡು ಕೋಣೆಯಲ್ಲಿ ಏಳೆಂಟು ಮಂದಿ. ತಂದೆ ಗಲ್ಫಿನಲ್ಲಿ. ಅತ್ತೆಗೆ ಒಗ್ಗರಣೆ ಸೀಯಬಾರದು, ಮಗುವೂ ಅಳಬಾರದು. ಅಂತಹ ಅಡುಗೆಮನೆಯಲ್ಲಿ ತಾಯಿ ಮಗುವಿನ ಕೈಗೆ ಮೊಬೈಲ್ ಕೊಡುತ್ತಾಳೆ. ಎರಡು ತುಂಬುವವರೆಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಸರಿಯಾದ ಮಾತು. ಆದರೆ ಆ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಬೇಡವೇ? ಇಲ್ಲಿ ಹಿಂದಿನ ಸಾಲಿನಲ್ಲಿರುವ ಸಹೋದರರು ಉತ್ತರಿಸಬೇಕು.

ಪ್ರಶ್ನೆ ಕೇಳಿದ ಸಹೋದರಿಗೆ ಈಗ ಹೇಳುತ್ತೇವೆ. ಪುಸ್ತಕ ಕೊಳ್ಳುವುದಾದರೆ ಯಾವ ವರ್ಷದ ಆವೃತ್ತಿಯೆಂದು ನೋಡಿಕೊಳ್ಳಿರಿ. ಪತಿಯೂ ಓದಲಿ. ಆದರೆ ನಮ್ಮಂತೆ ವಿಚಾರಣೆ ನಡೆಸುವುದು ಬೇಡ. ಅದಕ್ಕೂ ಮೊದಲು, ಗರ್ಭಿಣಿಯಾಗಿದ್ದಾಗ ಸರಕಾರದಿಂದ ಉಚಿತವಾಗಿ ಸಿಕ್ಕಿದ ತಾಯಿ ಕಾರ್ಡನ್ನು ಕಪಾಟಿನಿಂದ ತೆಗೆಯಿರಿ. ಲಸಿಕೆಯ ದಿನಾಂಕ ನೋಡಲಷ್ಟೇ ನಾವು ಅದನ್ನು ಬಳಸುತ್ತೇವೆ. ಮಗುವಿನ ತೂಕದ ನಕ್ಷೆಯೂ ಯಾವ ವಯಸ್ಸಿಗೆ ಏನು ಕಲಿಯುತ್ತದೆಂಬ ವಿವರವೂ ಅದರಲ್ಲಿವೆ. ಅರ್ಥವಾಗದ್ದನ್ನು ಅಂಗನವಾಡಿ ಕಾರ್ಯಕರ್ತೆಯಲ್ಲಿ ಕೇಳಿರಿ. ಮಗುವನ್ನೂ ಜೊತೆಗೆ ಕರೆದೊಯ್ಯಿರಿ, ಅವರು ನೋಡಿಯೇ ಹೇಳಲಿ.