ಸೂಪರ್‌ವೈಸರ್ ಕುರ್ಚಿ ಯಾರದು?



ಧರಣಿಗೆ ಬಂದಿದ್ದೀರಿ, ಬಂದ್‌ಗೆ ಬಂದಿದ್ದೀರಿ, ಬೋರ್ಡಿಗೆ ಮಸಿಯನ್ನೂ ಬಳಿದಿದ್ದೀರಿ. ಇವತ್ತು ನಾನು ಮಾತಾಡಲು ನಿಂತಿರುವುದು ಪಾಲಿಟೆಕ್ನಿಕ್ ಬಗ್ಗೆ. ನಗಬೇಡಿ!

ನಾನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಒಂದು ಪವರ್ ಪ್ರೆಸ್ ಇತ್ತು. ಎರಡು ಗುಂಡಿಯನ್ನು ಎರಡು ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಕೈ ಉಳಿಯುವುದೇ ಅದರಿಂದ. ಬೇಗ ಬೇಗ ಪೀಸ್ ತೆಗೆಯಲೆಂದು ಯಾರೋ ಒಂದು ಗುಂಡಿಯನ್ನು ತಂತಿಯಿಂದ ಬಿಗಿದಿದ್ದರು. ಹಾಗೆ ಮಾಡಬಾರದೆಂಬ ಬೋರ್ಡು ಗೋಡೆಯ ಮೇಲೇ ಇತ್ತು, ಇಂಗ್ಲಿಷಿನಲ್ಲಿ. ಮಂಡ್ಯ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಎಂಟು ದಿನ. ಬಲಗೈಯ ಎರಡು ಬೆರಳು ಹೋದವು. ವಿಚಾರಣೆಯ ಕಾಗದವೂ ಇಂಗ್ಲಿಷಿನಲ್ಲೇ ಬಂತು, ತಪ್ಪು ಅವನದೇ ಎಂದಿತ್ತು. ಸಹಿ ಹಾಕಿದ, ಎಡಗೈಯಲ್ಲಿ.

ಆ ಶಿಫ್ಟಿನ ಸೂಪರ್‌ವೈಸರ್ ಕೆಟ್ಟವನಲ್ಲ. ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ಆ ಕುರ್ಚಿಗೆ ಡಿಪ್ಲೊಮಾ ಬೇಕಿತ್ತು. ನಮ್ಮಲ್ಲಿ ಒಬ್ಬನ ಹತ್ತಿರವೂ ಇರಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು! 1946ರ ಸ್ಥಾಯಿ ಆದೇಶಗಳ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ, ಎರಡೂ ಹೇಳಿದ್ದು ಒಂದೇ: ಕಾಯ್ದೆಯಂತೆ ಗೋಡೆಗೆ ಹಾಕುವ ಬರಹ ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಓದಿದವರಾರು, ಓದಿ ಕೇಳಿದವರಾರು?

ಸರೋಜಿನಿ ಮಹಿಷಿ ವರದಿ 1980ರ ದಶಕದ್ದು. ಕೇಂದ್ರ ಉದ್ಯಮಗಳ ಸಿ, ಡಿ ದರ್ಜೆಯ ಕೆಲಸವೆಲ್ಲ ಕನ್ನಡಿಗರಿಗೆ ಎಂದಿತು. ಅದು ಬೇಕು, ಬಿಡುವುದಿಲ್ಲ. ಆದರೆ ಗೇಟಿನ ಕೆಲಸ ಕೇಳಿದಷ್ಟು ಜೋರಾಗಿ ನಾವು ಶಿಫ್ಟ್ ನಡೆಸುವ ಕೆಲಸ ಕೇಳಿದ್ದೇವೆಯೇ?

ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ, ಆರು ಸೆಮಿಸ್ಟರ್. ಐಟಿಐ ಮುಗಿಸಿದವರಿಗೆ ನೇರವಾಗಿ ಎರಡನೇ ವರ್ಷಕ್ಕೆ ದಾರಿ ಇದೆ. ಡಿಪ್ಲೊಮಾದಿಂದ ಬಿ.ಇ. ಎರಡನೇ ವರ್ಷಕ್ಕೂ ಹೋಗಬಹುದು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಗಲೆಂದು ದುಡಿದದ್ದು ಇಂಥ ಕಲಿಕೆಗೇ. ಅದು ಶುರುವಾದದ್ದು 1943ರಲ್ಲಿ.

ಪ್ರೊಡಕ್ಷನ್ ಪ್ಲಾನಿಂಗ್ ಎಂದರೆ ಹೆದರಬೇಡಿ. ದರ್ಶಿನಿ ಹೋಟೆಲಿನ ಅಡುಗೆಮನೆ ನೋಡಿ. ನಾಳೆ ಬೆಳಿಗ್ಗೆ ಜನ ನುಗ್ಗುತ್ತಾರೆಂದು ಇವತ್ತೇ ಹಿಟ್ಟು ರುಬ್ಬಿಡುತ್ತಾರೆ. ದೋಸೆ ಕಾವಲಿ ಒಂದೇ ಇದ್ದರೆ ಎಷ್ಟು ಹಿಟ್ಟಿದ್ದರೂ ಸಾಲು ಕರಗುವುದಿಲ್ಲ. ಕಾರ್ಖಾನೆಯಲ್ಲೂ ಅಷ್ಟೇ. ಹತ್ತು ಮೆಷಿನ್‌ಗಳಲ್ಲಿ ಎಲ್ಲಕ್ಕಿಂತ ನಿಧಾನದ್ದು ಯಾವುದೋ ಅದೇ ಇಡೀ ದಿನದ ಲೆಕ್ಕ ಬರೆಯುತ್ತದೆ. ಅದನ್ನು ಹುಡುಕುವುದೇ ವಿದ್ಯೆ.

ಇನ್ನೊಂದು, ಟೈಮ್ ಸ್ಟಡಿ. ಇದನ್ನು ಗಮನವಿಟ್ಟು ಕೇಳಿ. ಗಡಿಯಾರ ಹಿಡಿದು ಒಂದು ಪೀಸಿಗೆ ಎಷ್ಟು ಹೊತ್ತು ಎಂದು ಅಳೆಯುತ್ತಾರೆ. ದಣಿವಿಗೆ, ನೀರು ಕುಡಿಯುವುದಕ್ಕೆ ಅದರ ಮೇಲೆ ಇಷ್ಟೆಂದು ಹೊತ್ತು ಸೇರಿಸಿ ದಿನದ ಗುರಿ ಕಟ್ಟಬೇಕು. ಸೇರಿಸದೆ ಗುರಿ ಕಟ್ಟಿದರೆ ಏನಾಗುತ್ತದೆ? ಗುಂಡಿಗೆ ತಂತಿ ಬೀಳುತ್ತದೆ.

ಪುಸ್ತಕ ಇಂಗ್ಲಿಷಿನಲ್ಲಿದೆ ಎನ್ನುತ್ತೀರಿ. ಕನ್ನಡದಲ್ಲಿ ಕಲಿಸಿ ಎಂದು ಹೋರಾಡೋಣ, ಅದು ಬರುವವರೆಗೆ ಇಂಗ್ಲಿಷಿನಲ್ಲೇ ಓದಿ ಪಾಸಾಗಿ. ನಾಳೆ ನೀವು ಆ ಕುರ್ಚಿಯಲ್ಲಿ ಕೂತಾಗ ಒಡಿಶಾದಿಂದ ಬಂದ ಹುಡುಗನಿಗೂ ಅವನಿಗೆ ತಿಳಿಯುವ ಹಾಗೆ ಗುಂಡಿಯ ವಿಷಯ ಹೇಳಿ. ಅವನಿಗೂ ಹತ್ತೇ ಬೆರಳು.

ಭಾನುವಾರ ಮಾರ್ಕ್ಸ್ ಕಾರ್ಡು ಹಿಡಿದು ಬನ್ನಿ. ಅರ್ಜಿ ತುಂಬಿಸಲು ನಾನಿರುತ್ತೇನೆ.